ಸ್ಟಾಕ್ ವರ್ಟಸ್ 1.5 ತಗೊಳ್ಳೋದಾ, ಹಳೇ ಪೋಲೋಗೆ ರೀಮ್ಯಾಪ್ ಹಾಕ್ಸೋದಾ?

ಪಿಕಪ್ ಇರೋ ಗಾಡಿ ಬೇಕು, ಆದ್ರೆ ಫೋಕ್ಸ್‌ವ್ಯಾಗನ್ ವರ್ಟಸ್ 1.5 ಸೆಡಾನ್ ಸ್ಟಾಕಾಗಿ, ಅಂದ್ರೆ ಕಂಪನಿ ಕೊಟ್ಟ ಹಾಗೇ ಹೊಸದು ತಗೊಂಡು ಇಪ್ಪತ್ತು ಲಕ್ಷ ಸುರಿಯೋಕೆ ಮನಸ್ಸು ಬರ್ತಿಲ್ಲ, ಅದ್ರ ಅರ್ಧ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಪೋಲೋ 1.0 ಟಿಎಸ್‌ಐ (ಟರ್ಬೋ ಪೆಟ್ರೋಲ್) ಮ್ಯಾನುವಲ್ ತಗೊಂಡು ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ತಿದ್ದಿ ಪವರ್ ಏರ್ಸೋದು) ಹಾಕ್ಸಿಬಿಟ್ರೆ ಹೆಚ್ಚು ಕಮ್ಮಿ ಅಷ್ಟೇ ಪವರ್ ಬರತ್ತಲ್ವಾ? ಕಾರ್ ಹುಚ್ಚಿರೋ ಯಾರನ್ನ ಕೇಳಿದ್ರೂ ಈ ಲೆಕ್ಕ ಒಂದ್ಸಲನಾದ್ರೂ ಹಾಕೇ ಇರ್ತಾರೆ. ಲೆಕ್ಕ ತಪ್ಪು ಅಂತ ಹೇಳಲ್ಲ ನಾನು, ಆದ್ರೆ ಅದ್ರಲ್ಲಿ ಖರ್ಚಿನ ಕಾಲಂ ಅರ್ಧಂಬರ್ಧ ಬರ್ದಿರ್ತಾರೆ, ಆ ಉಳಿದರ್ಧ ಇಲ್ಲಿ ಬರೀತೀನಿ. ಫೋಕ್ಸ್‌ವ್ಯಾಗನ್ ಎರಡೂ ಕಡೆ ಇಟ್ಕೊಂಡಿದ್ದು ಯಾಕಂದ್ರೆ ಒಂದೇ ಮನೆ ಎಂಜಿನ್‌ಗಳು, ಹೋಲಿಸೋಕೆ ಸುಲಭ. ವರ್ಟಸ್ ಜಾಗದಲ್ಲಿ ಸ್ಕೋಡಾ ಸ್ಲಾವಿಯಾ 1.5 ಅಥವಾ ಹ್ಯುಂಡೈ ವರ್ನಾ ಟರ್ಬೋ ಇಟ್ಕೊಂಡು ಓದಿದ್ರೂ ನಡೆಯತ್ತೆ.

ಮೊದಲು ನಂಬರ್. ವರ್ಟಸ್ 1.5 ಟಿಎಸ್‌ಐ ಕಂಪನಿಯಿಂದಲೇ 150 ಪಿಎಸ್ ಪವರ್, 250 ಎನ್‌ಎಂ ಟಾರ್ಕ್ (ಎಂಜಿನ್ ಎಳೆಯೋ ಬಲ) ಕೊಡತ್ತೆ. ಪೋಲೋ 1.0 ಟಿಎಸ್‌ಐ 110 ಪಿಎಸ್, 175 ಎನ್‌ಎಂ. ಸ್ಟೇಜ್ 1 ಅಂದ್ರೆ ಯಾವ ಪಾರ್ಟೂ ಬದಲಾಯಿಸದೆ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ಒಳಗಿನ ಮ್ಯಾಪ್ ಮಾತ್ರ ತಿದ್ದೋದು, ಟರ್ಬೋ ಬೂಸ್ಟು, ಇಗ್ನಿಷನ್ ಟೈಮಿಂಗು, ಪೆಟ್ರೋಲ್ ಎಷ್ಟು ಬಿಡ್ಬೇಕು ಅನ್ನೋದು ಇವೆಲ್ಲ. ಟ್ಯೂನರ್‌ಗಳು ಇದಕ್ಕೆ ಸುಮಾರು 140 ಪಿಎಸ್ ಆಸುಪಾಸು ಹೇಳ್ತಾರೆ, ಟಾರ್ಕ್ 200 ದಾಟತ್ತೆ ಅಂತಾರೆ. ಪೋಲೋ ತೂಕ ಸುಮಾರು 1100 ಕೆಜಿ, ವರ್ಟಸ್ ಅದಕ್ಕಿಂತ ಹತ್ರಹತ್ರ ನೂರೈವತ್ತು ಕೆಜಿ ಜಾಸ್ತಿ. ಹಾಗಾಗಿ ಟನ್ನಿಗೆ ಎಷ್ಟು ಪಿಎಸ್ ಅಂತ ನೋಡಿದ್ರೆ ರೀಮ್ಯಾಪ್ ಆದ ಪೋಲೋನೇ ಒಂದು ಕೈ ಮೇಲೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ, ಸೆಕೆಂಡ್ ಗೇರಿಂದ ಥರ್ಡಿಗೆ ಬೀಳೋ ಆ ತಳ್ಳಾಟ ಇದ್ಯಲ್ಲ, ಅದು ಪೋಲೋದಲ್ಲಿ ಸಖತ್ತಾಗೇ ಇರತ್ತೆ, ಗಾಡಿ ಚಿಕ್ಕದು ಬೇರೆ, ಇನ್ನೂ ಜೋರು ಅನ್ನಿಸತ್ತೆ. ಮಜಾ ಅನ್ನೋ ವಿಷಯದಲ್ಲಿ ನಾನು ಪೋಲೋಗೇ ವೋಟ್ ಹಾಕೋದು, ಇದನ್ನ ಮೊದಲೇ ಹೇಳ್ಬಿಡ್ತೀನಿ.

ಒಂದು ಮಾತು, ಟ್ಯೂನರ್ ಹೇಳೋ ನಂಬರ್ ಕ್ರ್ಯಾಂಕ್‌ದಾ (ಅಂದ್ರೆ ಎಂಜಿನ್ನಿನದ್ದಾ) ಚಕ್ರದ್ದಾ ಅಂತ ಕೇಳಿ. ಡೈನೋ (ಪವರ್ ಅಳೆಯೋ ಯಂತ್ರ) ಮೇಲೆ ಅಳೆಯೋದು ಚಕ್ರಕ್ಕೆ ಸಿಗೋ ಪವರ್, ಕಂಪನಿ ಬ್ರೋಷರಲ್ಲಿ ಬರೆಯೋದು ಎಂಜಿನ್ನಿನ ಪವರ್. ಇವೆರಡನ್ನ ಅಕ್ಕಪಕ್ಕ ಇಟ್ಟು ಹೋಲಿಸೋಕೆ ಆಗಲ್ಲ. ನಿಮ್ಮ ಗಾಡೀನೇ ರೀಮ್ಯಾಪ್‌ಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ಅದೇ ಡೈನೋ ಮೇಲೆ ಓಡ್ಸಿ ಶೀಟ್ ಕೊಡಿ ಅಂದ್ರೆ ಕೊಡೋರ ಹತ್ರ ಮಾತ್ರ ಮಾಡ್ಸಿ, ಬೇರೆ ಯಾವುದೋ ಗಾಡಿ ಶೀಟ್ ತೋರ್ಸಿದ್ರೆ ಎದ್ದು ಬನ್ನಿ.

ಈಗ ದುಡ್ಡಿನ ಮಾತು. ವರ್ಟಸ್ 1.5 ಎಕ್ಸ್ ಶೋರೂಮ್ 17 ಲಕ್ಷ ಅಂತ ಇಟ್ಕೊಳ್ಳಿ, ಹತ್ತರಿಂದ ಇಪ್ಪತ್ತು ಲಕ್ಷದ ಒಳಗಿನ ಗಾಡಿಗೆ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ 17%, ಅಂದ್ರೆ ಟ್ಯಾಕ್ಸೇ 2 ಲಕ್ಷ 89 ಸಾವಿರ, ಅದ್ರ ಮೇಲೆ ಸೆಸ್ ಬೇರೆ, ಆಮೇಲೆ ಇನ್ಶೂರೆನ್ಸು. ಆನ್‌ರೋಡ್ ಅಂತ ಕೊನೇಲಿ ಪೇಪರ್ ಮೇಲೆ ಬರ್ಕೊಡೋ ನಂಬರ್ ನೋಡಿದ್ರೆ ಹೊಟ್ಟೆ ಉರಿಯತ್ತೆ ನಿಜ. ಇದ್ರ ಜೊತೆಗೆ ಸೆಪ್ಟೆಂಬರ್ 2025ರ ಜಿಎಸ್‌ಟಿ ಬದಲಾವಣೇಲಿ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ 18% ಆಯ್ತು, ಅದಕ್ಕಿಂತ ದೊಡ್ಡದಕ್ಕೆ 40%. ವರ್ಟಸ್ ಉದ್ದದಲ್ಲೂ ಸಿಸಿಯಲ್ಲೂ ಆಚೆ ಕಡೆಗೆ ಬೀಳತ್ತೆ. ಐ20 ಎನ್ ಲೈನ್ ಥರದ ಚಿಕ್ಕ ಟರ್ಬೋ ಹ್ಯಾಚ್‌ಬ್ಯಾಕ್ (120 ಪಿಎಸ್, 998 ಸಿಸಿ) ಈಚೆ ಕಡೆ ಉಳ್ಕೊಳತ್ತೆ. ಹಾಗಾಗಿ 'ಚಿಕ್ಕ ಗಾಡಿ ತಗೊಂಡು ಟ್ಯೂನ್ ಮಾಡ್ಸು' ಅನ್ನೋ ಆಸೆಗೆ ಸರ್ಕಾರವೇ ಒಂಚೂರು ತುಪ್ಪ ಸುರಿದ ಹಾಗಾಗಿದೆ.

ಪೋಲೋ ಕಡೆ ನೋಡಿದ್ರೆ, ಅದ್ರ ತಯಾರಿಕೆ 2022ರಲ್ಲೇ ನಿಂತೋಯ್ತು, ಸೆಕೆಂಡ್ಸಲ್ಲೇ ಹುಡುಕ್ಬೇಕು. ಕೆಎ ನಂಬರ್ ಗಾಡಿ ಆದ್ರೆ ಲೈಫ್‌ಟೈಮ್ ಟ್ಯಾಕ್ಸ್ ಮೊದಲನೇ ಓನರ್ರೇ ಕಟ್ಟಿರ್ತಾರೆ, ಅದು ನಿಮಗೆ ಉಳಿತಾಯ. ಕೇರಳ, ತಮಿಳ್ನಾಡು, ಡೆಲ್ಲಿ ಗಾಡಿ ಕಮ್ಮಿಗೆ ಸಿಕ್ತು ಅಂತ ಓಡಬೇಡಿ, ಎನ್‌ಒಸಿ ತಂದು ರೀ-ರಿಜಿಸ್ಟ್ರೇಷನ್ ಮಾಡ್ಸಿ ಗಾಡಿ ವಯಸ್ಸಿನ ಲೆಕ್ಕದಲ್ಲಿ ಇಲ್ಲಿ ಟ್ಯಾಕ್ಸ್ ಕಟ್ಟಿದ ಮೇಲೆ ಆ ಕಮ್ಮಿ ಎಲ್ಲಿ ಹೋಯ್ತು ಅಂತ ಹುಡುಕ್ಬೇಕಾಗತ್ತೆ. ಸ್ಟೇಜ್ 1 ರೀಮ್ಯಾಪ್ ಖರ್ಚು ದೊಡ್ಡದಲ್ಲ, ಹತ್ತಾರು ಸಾವಿರದಲ್ಲಿ ಮುಗಿಯತ್ತೆ, ಅಲ್ಲೇ ಎಲ್ರೂ ಬೀಳೋದು. ಮ್ಯಾಪ್ ಹಾಕಿದ ದಿನ ಅಲ್ಲಿಗೆ ಖರ್ಚು ಮುಗೀತು ಅಂದ್ಕೊಳ್ತಾರೆ, ಅಸಲಿಗೆ ಶುರುವಾಗೋದೇ ಅವತ್ತು.

ಯಾಕೆ ಅಂತ ಹೇಳ್ತೀನಿ. ಕಂಪನಿಯವರು 150 ಪಿಎಸ್ ಗಾಡಿ ಮಾಡುವಾಗ ಎಂಜಿನ್ ಒಂದನ್ನೇ ದೊಡ್ಡದು ಮಾಡಲ್ಲ, ಕ್ಲಚ್ಚು, ಗೇರ್‌ಬಾಕ್ಸು, ಡ್ರೈವ್ ಶಾಫ್ಟು, ರೇಡಿಯೇಟರು, ಬ್ರೇಕು, ಟೈರು ಎಲ್ಲಾನೂ ಆ ಪವರಿಗೆ ತಕ್ಕ ಹಾಗೆ ಹಾಕಿರ್ತಾರೆ. ಪೋಲೋದಲ್ಲಿ 175 ಎನ್‌ಎಂ ತಡ್ಕೊಳ್ಳೋ ಕ್ಲಚ್ ಇರತ್ತೆ, ಒಂಚೂರು ಮಾರ್ಜಿನ್ ಇಟ್ಟಿರ್ತಾರೆ ಅಷ್ಟೇ. ಅಲ್ಲಿ 220 ಎನ್‌ಎಂ ಹೊಡೆದ್ರೆ ಮೊದಲು ಕೈ ಎತ್ತೋದು ಅದೇ. ನಲವತ್ತು ಐವತ್ತು ಸಾವಿರ ಕಿಮೀ ಬೆಂಗಳೂರು ಟ್ರಾಫಿಕ್ಕಲ್ಲಿ ಸವೆದ ಕ್ಲಚ್ ಮೇಲೆ ಮ್ಯಾಪ್ ಹಾಕಿದ್ರಂತೂ ಕೇಳೋದೇ ಬೇಡ. ನಾಲ್ಕನೇ ಗೇರಲ್ಲಿ ಫುಲ್ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಟಪ್ ಅಂತ ಮೇಲೆ ಹಾರತ್ತೆ, ಸ್ಪೀಡ್ ಮಾತ್ರ ಏರಲ್ಲ, ಒಳಗೆ ಸುಟ್ಟ ವಾಸನೆ ಬರತ್ತೆ. ಅಲ್ಲಿಗೆ ಕ್ಲಚ್ ಕಿಟ್ಟು, ಲೇಬರ್ರು, ಬಿಚ್ಚಿದ್ದೀವಲ್ಲ ಅಂತ ಫ್ಲೈವೀಲೂ ನೋಡ್ಕೊಂಡು ಬಿಡೋಣ ಅಂತಾರೆ ಮೆಕ್ಯಾನಿಕ್ಕು.

ಹಳೇ ಪೋಲೋ ಜಿಟಿ ಟಿಎಸ್‌ಐ, ಅಂದ್ರೆ 2013ರಲ್ಲಿ ಬಂದ ಆ 1.2 ಲೀಟರ್ 105 ಪಿಎಸ್ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್), ಅದನ್ನ ನೋಡ್ತಿದ್ರೆ ಇನ್ನೂ ಹುಷಾರಾಗಿರಿ. ಅದ್ರಲ್ಲಿರೋದು ಡಿಕ್ಯೂ200 ಅನ್ನೋ ಏಳು ಗೇರಿನ ಡ್ರೈ ಕ್ಲಚ್ ಬಾಕ್ಸು, ಅದ್ರ ಮಿತಿ 250 ಎನ್‌ಎಂ. ಮಿತಿ ಒಳಗೇ ಇದೀವಲ್ಲ ಅನ್ಬಹುದು, ಆದ್ರೆ ವಯಸ್ಸಾದ ಬಾಕ್ಸಲ್ಲಿ ಮೆಕಾಟ್ರಾನಿಕ್ಸ್ ಯೂನಿಟ್ (ಗೇರು, ಕ್ಲಚ್ಚು ನಡೆಸೋ ಕಂಟ್ರೋಲ್ ಭಾಗ) ಕೈ ಕೊಟ್ರೆ ಬಿಲ್ಲು ಲಕ್ಷದ ಲೆಕ್ಕದಲ್ಲೇ ಬರೋದು. ತಮಾಷೆ ಅಂದ್ರೆ ವರ್ಟಸ್ 1.5 ಡಿಎಸ್‌ಜಿಯಲ್ಲೂ ಇರೋದು ಇದೇ ಜಾತಿಯ ಬಾಕ್ಸು, ಎಂಜಿನ್ ಸ್ಟಾಕಲ್ಲೇ 250 ಎನ್‌ಎಂ ಕೊಡತ್ತೆ, ಅಂದ್ರೆ ಕಂಪನಿಯವರೇ ಅಂಚಿಗೆ ತಂದು ನಿಲ್ಸಿದ್ದಾರೆ. ಹಾಗಾಗಿ 'ಮೊದ್ಲು 1.5 ತಗೊಳ್ತೀನಿ, ಎರಡು ವರ್ಷ ಬಿಟ್ಟು ಅದಕ್ಕೂ ಮ್ಯಾಪ್ ಹಾಕ್ಸ್ತೀನಿ' ಅನ್ನೋ ಪ್ಲಾನ್ ಇದ್ರೆ ಡಿಎಸ್‌ಜಿ ಬಿಟ್ಟು ಮ್ಯಾನುವಲ್ ನೋಡಿ. ಸ್ಟಾಕಲ್ಲೇ ಇಟ್ಕೊಳ್ಳೋರಿಗೆ ಈ ಚಿಂತೆ ಇಲ್ಲ.

ಬ್ರೇಕ್ ಬಗ್ಗೆ ಇಬ್ರಿಗೂ ಪೂರ್ತಿ ಮಾರ್ಕ್ಸ್ ಕೊಡಲ್ಲ. ವರ್ಟಸ್ ಲಾಂಚ್ ಆದಾಗ 150 ಪಿಎಸ್ ಗಾಡಿಗೂ ಹಿಂದೆ ಡ್ರಮ್ಮೇ ಹಾಕಿದ್ರು, ವರ್ನಾ ಟರ್ಬೋದಲ್ಲಿ (160 ಪಿಎಸ್, 253 ಎನ್‌ಎಂ) ಹಿಂದೇನೂ ಡಿಸ್ಕ್ ಕೊಟ್ರು. ಆದ್ರೂ ವರ್ಟಸ್‌ನಲ್ಲಿ 205/55 ಆರ್16 ಟೈರು, ಇಎಸ್‌ಸಿ (ಗಾಡಿ ಜಾರದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಎಲ್ಲಾ ಇರೋದ್ರಿಂದ ಘಾಟಲ್ಲಿ ಧೈರ್ಯ ಬರತ್ತೆ. ಪೋಲೋದಲ್ಲಿ ವೇರಿಯಂಟ್ ನೋಡಿ ಇಎಸ್‌ಪಿ (ಇಎಸ್‌ಸಿಗೇ ಇನ್ನೊಂದು ಹೆಸರು) ಇದ್ಯಾ ಇಲ್ವಾ ಅಂತ ಮೊದಲೇ ಕೇಳ್ಕೊಳ್ಳಿ, 15 ಇಂಚಿನ ಚಕ್ರ ಇದ್ರೆ 195/55 ಆರ್16ಕ್ಕೆ ಹೋಗಿ. ನನ್ನ ಪ್ರಕಾರ ರೀಮ್ಯಾಪಿಗಿಂತ ಮುಂಚೆ ದುಡ್ಡು ಹಾಕ್ಬೇಕಾದ್ದು ಟೈರು, ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್ಲು, ಸವೆದಿದ್ರೆ ಶಾಕ್ ಅಬ್ಸಾರ್ಬರ್ರು, ಸಸ್ಪೆನ್ಷನ್ ಬುಷ್ಷು. ಆಗುಂಬೆಯ 14 ತಿರುವು ಇಳಿಯುವಾಗ ಎಷ್ಟು ಪಿಎಸ್ ಇದೆ ಅಂತ ಯಾರೂ ಕೇಳಲ್ಲ, ಒಂಬತ್ತನೇ ತಿರುವಿಗೆ ಬರೋ ಹೊತ್ತಿಗೆ ಪೆಡಲ್ ಮೆತ್ತಗಾಗಿದ್ಯಾ ಇಲ್ವಾ ಅನ್ನೋದೇ ಪ್ರಶ್ನೆ. ಈ ಕೆಲಸ ಎಲ್ಲಾ ಮಾಡ್ಸಿ ನೋಡಿ, ಎಷ್ಟೋ ಜನಕ್ಕೆ ಸ್ಟಾಕ್ ಪೋಲೋನೇ ಸಾಕು ಅನ್ನಿಸಿಬಿಡತ್ತೆ.

ಸೇಫ್ಟಿ ವಿಷಯ ಒಂದೇ ಸಾಲಲ್ಲಿ ಮುಗಿಸ್ಬಹುದು, ಇಲ್ಲಿ ಹೋಲಿಕೆನೇ ಇಲ್ಲ. ವರ್ಟಸ್, ಸ್ಲಾವಿಯಾಗೆ ಗ್ಲೋಬಲ್ ಎನ್‌ಕ್ಯಾಪ್ (ಗಾಡಿ ಗುದ್ದಿಸಿ ಸೇಫ್ಟಿ ಪರೀಕ್ಷೆ ಮಾಡೋ ಸಂಸ್ಥೆ) 2023ರಲ್ಲಿ 5 ಸ್ಟಾರ್ ಕೊಡ್ತು, ಪೋಲೋ 2014ರ ಹಳೇ ಟೆಸ್ಟಲ್ಲಿ ಎರಡು ಏರ್‌ಬ್ಯಾಗ್ ಜೊತೆ 4 ಸ್ಟಾರ್ ತಗೊಂಡಿತ್ತು, ಆಮೇಲೆ ಟೆಸ್ಟೇ ಬಿಗಿ ಆಗಿದೆ. ಮನೇಲಿ ಚಿಕ್ಕ ಮಕ್ಕಳಿದ್ರೆ, ಅದೇ ಒಂದೇ ಗಾಡಿ ಆದ್ರೆ, ಇಲ್ಲಿಗೇ ಓದೋದು ನಿಲ್ಸಿ ಶೋರೂಮಿಗೆ ಹೋಗಿ.

ಕಾಗದ ಪತ್ರದ ವಿಷಯ ಯಾರಿಗೂ ಇಷ್ಟ ಇಲ್ಲ, ಆದ್ರೆ ರೀಮ್ಯಾಪ್ ಮಾಡ್ಸೋರಿಗೆ ಮುಖ್ಯವಾದ ಜಾಗ ಇದು. 1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲ ಸ್ಪೆಸಿಫಿಕೇಷನ್‌ಗೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಬಂತು, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಓನರ್‌ಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಒಂದೊಂದು ಬದಲಾವಣೆಗೂ ಅನ್ನೋದನ್ನ ಇನ್ನೊಂದ್ಸಲ ಓದ್ಕೊಳ್ಳಿ. ಅಲಾಯ್ ಬೇರೆ, ಸೈಲೆನ್ಸರ್ ಬೇರೆ, ಹೆಡ್‌ಲೈಟ್ ಬೇರೆ ಅಂತ ಎಣಿಸಿದ್ರೆ ಎಲ್ಲಿಗೆ ಹೋಗತ್ತೆ ಲೆಕ್ಕ. ಸೈಲೆನ್ಸರ್ ಶಬ್ದಕ್ಕೆ, ಹೊಗೆಗೆ ಸೆಕ್ಷನ್ 190 ಬೇರೆ ಇದೆ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ.

ಬರೀ ಮ್ಯಾಪ್ ಹಾಕಿದ್ರೆ ಹೊರಗಿಂದ ಕಾಣಲ್ಲ, ಪೊಲೀಸ್ರು ಬಾನೆಟ್ ಎತ್ತಿ ನೋಡಿದ್ರೂ ಗೊತ್ತಾಗಲ್ಲ ಅಂತಾರೆ, ನಿಜ. ಆದ್ರೆ ಸರ್ವಿಸ್ ಸೆಂಟರ್ ಕಂಪ್ಯೂಟರಿಗೆ ಗೊತ್ತಾಗತ್ತೆ. ಫೋಕ್ಸ್‌ವ್ಯಾಗನ್ ಗ್ರೂಪಿನಲ್ಲಿ ಇಸಿಯು ತಿದ್ದಿರೋದು ಸಿಕ್ಕಿದ್ರೆ ಟಿಡಿ1 ಅಂತ ಒಂದು ಗುರುತು ಗಾಡಿ ದಾಖಲೇಲಿ ಬೀಳತ್ತೆ, ಬಿತ್ತು ಅಂದ್ರೆ ಎಂಜಿನ್ನು ಗೇರ್‌ಬಾಕ್ಸು ವಾರಂಟಿ ಆಸೆ ಬಿಟ್ಬಿಡಿ, ಮ್ಯಾಪ್ ವಾಪಸ್ ಸ್ಟಾಕಿಗೆ ಹಾಕಿದ್ರೂ ಆ ಗುರುತು ಹೋಗೋದು ಕಷ್ಟ. ಹಳೇ ಪೋಲೋಗೆ ವಾರಂಟಿ ಹೇಗೂ ಮುಗಿದಿದ್ರೆ ಈ ತಲೆನೋವಿಲ್ಲ, ಅದು ಪೋಲೋ ಪರವಾಗಿ ಒಂದು ಪಾಯಿಂಟು. ಇನ್ಶೂರೆನ್ಸ್‌ನವರಿಗೆ ಮಾತ್ರ ಮುಚ್ಚಿಡ್ಬೇಡಿ. ದೊಡ್ಡ ಆಕ್ಸಿಡೆಂಟ್ ಆದ್ಮೇಲೆ ಸರ್ವೇಯರ್ ಬಂದು ತಿಳಿಸದೇ ಮಾಡ್ಸಿದ ಮಾಡಿಫಿಕೇಷನ್ ಕಂಡು ಹಿಡಿದ್ರೆ ಕ್ಲೇಮ್ ತಳ್ಳಿಹಾಕೋಕೆ ಅವ್ರಿಗೆ ಅದೊಂದೇ ಸಾಕು.

ಪೆಟ್ರೋಲ್. ಟ್ಯೂನರ್ ಮ್ಯಾಪ್ ಬರೆಯೋದು ಇಂತಿಷ್ಟು ಆಕ್ಟೇನ್ (ಪೆಟ್ರೋಲ್ ತಾನಾಗೇ ಹತ್ಕೊಳ್ಳದೆ ತಡ್ಕೊಳ್ಳೋ ಅಳತೆ) ಅಂತ ಇಟ್ಕೊಂಡು. ಎಕ್ಸ್‌ಪಿ100ಕ್ಕೆ (100 ಆಕ್ಟೇನ್ ಪೆಟ್ರೋಲ್) ಬರೆದ ಮ್ಯಾಪ್ ಹಾಕ್ಕೊಂಡು ಮಡಿಕೇರಿ ದಾಟಿ ಯಾವುದೋ ಬಂಕಲ್ಲಿ ಮಾಮೂಲಿ ಪೆಟ್ರೋಲ್ ತುಂಬಿಸಿದ್ರೆ ನಾಕ್ ಸೆನ್ಸರ್ (ಎಂಜಿನ್ ಒಳಗಿನ ಬಡಿತ ಪತ್ತೆ ಮಾಡೋದು) ಇಗ್ನಿಷನ್ ಟೈಮಿಂಗ್ ಹಿಂದೆ ಎಳೆಯತ್ತೆ, ನೀವು ದುಡ್ಡು ಕೊಟ್ಟ ಪವರ್ ಅಲ್ಲೇ ಮಾಯ. ಅದಕ್ಕೆ ಎಲ್ಲಾ ಕಡೆ ಸಿಗೋ ಪೆಟ್ರೋಲ್‌ಗೆ ಅಂತಲೇ ಮ್ಯಾಪ್ ಬರೆಸಿ, ಎರಡು ಪಿಎಸ್ ಕಮ್ಮಿ ಬಂದ್ರೂ ಪರ್ವಾಗಿಲ್ಲ. ಈಗ ಬಂಕಲ್ಲಿ ಸಿಗೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್), ಏಪ್ರಿಲ್ 2023ಕ್ಕಿಂತ ಮುಂಚಿನ ಗಾಡಿಗಳು ಬಹುತೇಕ ಅದಕ್ಕೆ ಅಂತ ಮಾಡಿದ್ದಲ್ಲ, ಪೋಲೋ ಅದೇ ಗುಂಪಲ್ಲಿ ಬರತ್ತೆ, ಹಾಗಾಗಿ ಫ್ಯೂಯಲ್ ಪೈಪು ಸೀಲುಗಳ ಮೇಲೆ ಒಂದು ಕಣ್ಣಿಟ್ಟಿರಿ. ಇನ್ನೊಂದು, ಚಿಕ್ಕ ಟರ್ಬೋ ಎಂಜಿನ್ನಲ್ಲಿ ಆರನೇ ಗೇರಲ್ಲಿ 1500 ಆರ್‌ಪಿಎಂನಲ್ಲಿ ಹೋಗ್ತಾ ಇದ್ದಕ್ಕಿದ್ದ ಹಾಗೆ ಫುಲ್ ಒತ್ತೋ ಅಭ್ಯಾಸ ಕೆಟ್ಟದ್ದು, ಸ್ಪಾರ್ಕ್ ಬರೋಕೆ ಮುಂಚೆನೇ ಸಿಲಿಂಡರ್ ಒಳಗೆ ಇಂಧನ ಹತ್ಕೊಳ್ಳೋ ಅಪಾಯ ಇದೆ, ಟ್ಯೂನ್ ಆದ ಮೇಲೆ ಆ ಅಪಾಯ ಇನ್ನೂ ಜಾಸ್ತಿ, ಪಿಸ್ಟನ್ನೇ ಒಡೀಬಹುದು. ಒಂದು ಗೇರ್ ಇಳ್ಸಿ ಒತ್ತಿ. ಎಂಜಿನ್ ಆಯಿಲ್ ಕಂಪನಿ ಹೇಳೋ 15,000 ಕಿಮೀವರೆಗೆ ಕಾಯ್ಬೇಡಿ, ಅರ್ಧಕ್ಕೇ ಬದಲಾಯಿಸಿ.

ಅಷ್ಟಕ್ಕೂ ಈ ಪವರ್ ಎಲ್ಲಿ ಬಳಸ್ತೀರ ಅನ್ನೋದೂ ಇದೆ. ಬೆಂಗಳೂರು ಮೈಸೂರು ಹೈವೇಲಿ ಮಿತಿ 100, ಕ್ಯಾಮೆರಾ ಸಾಲಾಗಿ ನಿಂತಿವೆ, ಆಗಸ್ಟ್ 2024ರಿಂದ ರಾಜ್ಯದಲ್ಲಿ 130 ದಾಟಿದ್ರೆ ಎಫ್‌ಐಆರೇ. ಹಾಗಾಗಿ ಟಾಪ್ ಸ್ಪೀಡ್ ಮಾತು ಬಿಟ್ಟಾಕಿ. ಉಪಯೋಗಕ್ಕೆ ಬರೋದು 60ರಿಂದ 100ಕ್ಕೆ ಏರೋ ವೇಗ, ಲಾರಿ ಹಿಂದೆ ಸಿಕ್ಕಾಕೊಂಡಾಗ ಓವರ್‌ಟೇಕ್ ಮಾಡೋ ತಾಕತ್ತು. ಇಲ್ಲಿ ವರ್ಟಸ್ 1.5 ನಾಲ್ಕು ಜನ, ಡಿಕ್ಕಿ ತುಂಬ ಲಗೇಜು, ಎಸಿ ಹಾಕ್ಕೊಂಡು ಶಿರಾಡಿ ಹತ್ತುವಾಗಲೂ ಉಸಿರು ಕಟ್ಟಲ್ಲ. ಟ್ಯೂನ್ ಆದ 1.0 ಒಬ್ರೇ ಓಡಿಸುವಾಗ ಹುಲಿ, ಲೋಡ್ ಬಿದ್ದಾಗ 1800 ಆರ್‌ಪಿಎಂ ಒಳಗೆ ಟರ್ಬೋ ಎದ್ದೇಳೋವರೆಗೂ ಕಾಯ್ಬೇಕು, ಮ್ಯಾಪ್ ಹಾಕಿದ್ರೂ ಒಂದು ಲೀಟರ್ ಎಂಜಿನ್ ಒಂದೂವರೆ ಲೀಟರ್ ಆಗಲ್ಲ. ಎಪ್ರಿಲ್ ಬಿಸಿಲಲ್ಲಿ ಒಂದರ ಹಿಂದೆ ಒಂದು ಅಂತ ನಾಲ್ಕೈದು ಸಲ ಎಳೆದ್ರೆ ಒಳಗೆ ಹೋಗೋ ಗಾಳಿ ಬಿಸಿಯಾಗಿ ಇಸಿಯು ತಾನೇ ಪವರ್ ಕಮ್ಮಿ ಮಾಡತ್ತೆ, ಆಗ ಆ 140 ಬರೀ ಡೈನೋ ಶೀಟಲ್ಲಿ ಉಳ್ಕೊಂಡಿರತ್ತೆ. ನಿಜವಾಗ್ಲೂ ಗಾಡಿ ಬಿಡ್ಬೇಕು ಅಂತಿದ್ರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ರ ಇರುಂಗಟ್ಟುಕೋಟೈ ಟ್ರ್ಯಾಕ್ ಇದೆ, ಟ್ರ್ಯಾಕ್ ಡೇ ಇದ್ದಾಗ ಹೋಗಿ. ಅದಕ್ಕಾದ್ರೆ ಪೋಲೋನೇ ಬೆಸ್ಟು. ಹಗುರ, ಟೈರು ಪ್ಯಾಡು ಸೋವಿ, ಕಲ್ಲು ಮಣ್ಣಿಗೆ ಬಿದ್ರೂ ಎದೆ ಒಡೆಯಲ್ಲ.

ನನ್ನ ತೀರ್ಮಾನ ಹೀಗೆ. ಮನೇಲಿ ಒಂದೇ ಕಾರು, ದಿನಾ ಆಫೀಸು, ಹಬ್ಬಕ್ಕೆ ಊರು, ಸಾಲ ತಗೊಂಡು ಕೊಳ್ತಿದ್ದೀರ ಅಂದ್ರೆ ಸ್ಟಾಕ್ 1.5, ಎರಡನೇ ಯೋಚನೆ ಬೇಡ. ಮನೇಲಿ ಆಗ್ಲೇ ಇನ್ನೊಂದು ಗಾಡಿ ಇದೆ, ಗಾಡಿ ಒಂದು ವಾರ ಗ್ಯಾರೇಜಲ್ಲಿ ನಿಂತ್ರೆ ಕೆಲಸ ಕೆಡಲ್ಲ, ಕೈ ಮಸಿ ಮಾಡ್ಕೊಳ್ಳೋಕೆ ಇಷ್ಟ, ನಂಬಿಕೆಯ ಮೆಕ್ಯಾನಿಕ್ ಇದ್ದಾನೆ ಅಂದ್ರೆ ಪೋಲೋ ತಗೊಳ್ಳಿ. ಆದ್ರೆ ಗಾಡಿ ಬೆಲೆಯ ಮೇಲೆ ಒಂದೂವರೆ ಎರಡು ಲಕ್ಷ ಬೇರೆ ಎತ್ತಿಟ್ಟಿರಿ, ಅದು ಮಾಡ್ (ಮಾಡಿಫಿಕೇಷನ್) ಮಾಡ್ಸೋಕಲ್ಲ, ಮಾಡ್ ಆದ್ಮೇಲೆ ಬರೋ ಬಿಲ್ಲಿಗೆ.

ಬೇರೆಯವ್ರು ಆಗ್ಲೇ ಮಾಡ್ಸಿ ಮಾರ್ತಿರೋ ಗಾಡಿ, 'ಸ್ಟೇಜ್ 2, ಡೌನ್‌ಪೈಪ್, ಇಂಟೇಕ್, ನಾಲ್ಕು ಲಕ್ಷದ ಮಾಡ್ಸ್' (ಮ್ಯಾಪ್ ಜೊತೆಗೆ ಹೊಗೆ ಪೈಪು, ಗಾಳಿ ಒಳಗೆ ಹೋಗೋ ಪೈಪೂ ಬದಲಾಯಿಸಿರೋದು) ಅಂತ ಹಾಕಿರ್ತಾರಲ್ಲ, ಅದ್ರಿಂದ ದೂರ ಇರಿ ಅಂತಲೇ ನಾನು ಹೇಳೋದು. ಮಾಡ್ಸಿಗೆ ಹಾಕಿದ ದುಡ್ಡು ಯಾರಿಗೂ ವಾಪಸ್ ಬರಲ್ಲ, ಹಾಗಾಗಿ ಬೆಲೆ ಕೇಳೋಕೆ ಚೆನ್ನಾಗಿರತ್ತೆ, ಆದ್ರೆ ಆ ಗಾಡಿ ಹೇಗೆ ಓಡಿದೆ ಅನ್ನೋದು ಮಾರೋನಿಗೊಬ್ಬನಿಗೇ ಗೊತ್ತು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿರೋ ಡೌನ್‌ಪೈಪ್ ಇದ್ರೆ ಎಮಿಷನ್ ಟೆಸ್ಟಲ್ಲೂ ಒದ್ದಾಟ. ಆದ್ರೂ ನೋಡೇ ನೋಡ್ತೀನಿ ಅಂದ್ರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ಓನರ್ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಅದೇ ಮೊದಲ ಸುಳಿವು. ಸ್ಕ್ಯಾನರ್ ಹಾಕಿ ಮಿಸ್‌ಫೈರ್ (ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಹತ್ಕೊಳ್ಳದೇ ಇರೋದು) ಎಣಿಕೆ ನೋಡಿ, ಫಾಲ್ಟ್ ಕೋಡ್ ಎಲ್ಲಾ ನಿನ್ನೆ ತಾನೇ ಅಳಿಸಿದ್ರೆ ರೆಡಿನೆಸ್ ಟೆಸ್ಟುಗಳು (ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋದು) ಪೂರ್ತಿ ಆಗಿರಲ್ಲ, ಅದೂ ಅಲ್ಲೇ ಕಾಣತ್ತೆ. ಟೈರಿನ ಪಕ್ಕದಲ್ಲಿರೋ ನಾಲ್ಕಂಕಿ ಓದಿ, 2321 ಅಂದ್ರೆ 2021ರ 23ನೇ ವಾರ, ನಾಲ್ಕೂ ಬೇರೆ ಬೇರೆ ಕಂಪನಿ ಬೇರೆ ಬೇರೆ ವರ್ಷ ಆದ್ರೆ ಸಿಕ್ಕಿದ್ದು ಹಾಕ್ಕೊಂಡು ಓಡ್ಸಿದ್ದಾನೆ ಅಂತ ಅರ್ಥ. ಕ್ಲಚ್ ಸ್ಲಿಪ್ ಟೆಸ್ಟ್ ಮೇಲೆ ಹೇಳಿದ ಹಾಗೇ, ನಾಲ್ಕನೇ ಗೇರಲ್ಲಿ ಫುಲ್ ಒತ್ತಿ ನೋಡಿ. ಮುಖ್ಯವಾಗಿ ಸ್ಟಾಕ್ ಪಾರ್ಟ್ಸ್ ಎಲ್ಲಾ ಇಟ್ಟಿದ್ದೀರಾ, ಒರಿಜಿನಲ್ ಮ್ಯಾಪ್ ಫೈಲ್ ಇದ್ಯಾ ಅಂತ ಕೇಳಿ, ಇಲ್ಲ ಅಂದ್ರೆ ಟೋಕನ್ ಅಡ್ವಾನ್ಸ್ ಕೊಡೋ ಮಾತೇ ಬೇಡ.

ಇವೆರಡ್ರ ಮಧ್ಯೆ ಇನ್ನೊಂದು ದಾರಿ ಇದೆ, ಅದನ್ನ ಜನ ಯಾಕೋ ಮರೀತಾರೆ. ಸೆಡಾನ್‌ಗೆ ಈಗ ಮಾರ್ಕೆಟಲ್ಲಿ ಎಸ್‌ಯುವಿಯಷ್ಟು ಗಿರಾಕಿ ಇಲ್ಲ, ಹಾಗಾಗಿ 2022, 2023ರ ಸ್ಲಾವಿಯಾ 1.5, ವರ್ಟಸ್ 1.5 ಸೆಕೆಂಡ್ಸಲ್ಲಿ ಹೊಸದಕ್ಕಿಂತ ಎಷ್ಟೋ ಲಕ್ಷ ಕಮ್ಮಿಗೆ ಬರ್ತಿವೆ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಆಗಿರತ್ತೆ, ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಸಿರೋ ಗಾಡಿ ಹುಡುಕಿದ್ರೆ ಅದೂ ನಿಮ್ಮ ಹೆಸರಿಗೆ ಬರತ್ತೆ. ಪೋಲೋ ಬೆಲೆ, ಟೈರು, ಬ್ರೇಕು, ರೀಮ್ಯಾಪು, ಕ್ಲಚ್ಚು, ಎತ್ತಿಟ್ಟ ದುಡ್ಡು ಎಲ್ಲಾ ಕೂಡಿಸಿ ಒಂದು ಕಡೆ ಬರ್ಕೊಳ್ಳಿ, ಆಮೇಲೆ ಸೆಕೆಂಡ್ ಹ್ಯಾಂಡ್ ಸ್ಲಾವಿಯಾ 1.5 ಮ್ಯಾನುವಲ್ ರೇಟ್ ವಿಚಾರಿಸಿ. ವ್ಯತ್ಯಾಸ ಒಂದೆರಡು ಲಕ್ಷದ ಒಳಗಿದ್ರೆ ನಾನಂತೂ ಸ್ಲಾವಿಯಾ ಕೀ ತಗೊಂಡು ಮನೆಗೆ ಬರ್ತೀನಿ, ಸರ್ವಿಸ್ ಹಿಸ್ಟರಿ ಪ್ರಿಂಟ್‌ಔಟು ಮತ್ತೆ ಎರಡನೇ ಕೀ ಕೇಳಿ ಇಸ್ಕೊಂಡ ಮೇಲೆ.